ಭಾಲ್ಕಿ ಲಾರಿ ಕಲಬುರಗಿಯದಾದ ಕತೆ: ಸಿ ಕೋಡಿನಲ್ಲಿ ಪ್ರಿಫಿಕ್ಸ್ ಹೋಲಿಸುವಾಗ ಎಲ್ಲೆಲ್ಲಿ ಎಡವುತ್ತೇವೆ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ದಾಲ್ ಮಿಲ್ಲಿನ ವೇಬ್ರಿಡ್ಜ್‌ಗೆ ನಾನು ಬರೆದ ಪ್ರೋಗ್ರಾಂ ಇದೆ. ಅಲ್ಲಿ ಅದನ್ನು ಯಾರೂ ವೇಬ್ರಿಡ್ಜ್ ಅನ್ನುವುದಿಲ್ಲ, ‘ಕಾಟಾ’ ಅನ್ನುತ್ತಾರೆ. ಲಾರಿ ಕಾಟಾದ ಮೇಲೆ ಬಂದು ನಿಲ್ಲುತ್ತದೆ, ತೂಕ ತೋರಿಸುವ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್ ಮೂಲಕ ಅಂಕಿ ಬರುತ್ತದೆ, ಮುನೀಮರು ಗಾಡಿ ನಂಬರ್ ಟೈಪ್ ಮಾಡುತ್ತಾರೆ, ಚೀಟಿ ಹೊರಗೆ ಬೀಳುತ್ತದೆ. ಊರಿನ ಗಾಡಿಗೆ ಕಾಟಾ ಫೀ ಇಲ್ಲ, ಹೊರಗಿನ ಗಾಡಿಗೆ ಉಂಟು. ಊರಿನ ಗಾಡಿ ಯಾವುದು ಅಂದರೆ ನಂಬರು ಕೆಎ-32ರಿಂದ ಶುರುವಾಗುವುದು. ಮಾಲೀಕರು ಹೇಳಿದ ನಿಯಮ ಇಷ್ಟೇ. ಹೀಗೆ ಸಾಲಿನ ಶುರುವಿನಲ್ಲಿರುವ ತುಂಡಿಗೆ ಪ್ರಿಫಿಕ್ಸ್ ಅನ್ನುತ್ತಾರೆ.

ತೊಗರಿ ಸುಗ್ಗಿ ಜೋರಾಗಿದ್ದ ಜನವರಿಯ ಒಂದು ಮಧ್ಯಾಹ್ನ ಮುನೀಮರ ಫೋನು. “ಸಾಹೇಬ್ರ, ಭಾಲ್ಕಿ ಗಾಡಿ ನಮ್ಮೂರಿಂದು ಅಂತ ತೋರಸ್ಲಕತ್ತದ ನೋಡ್ರಿ ನಿಮ್ಮ ಮಷಿನ್. ಮುಂಜಾನಿಂದ ಭಾಲ್ಕಿಯವರ ಪೈಕಿ ಒಬ್ಬರ ಕಡೀನೂ ಫೀ ತಗೊಂಡಿಲ್ಲ ಅದು.”

ಬೀದರ್ ಜಿಲ್ಲೆಯ ಭಾಲ್ಕಿಯ ಗಾಡಿ ಕೆಎ-39. ಯಾದಗಿರಿಯದು 33, ಬೀದರದ್ದು 38, ರಾಯಚೂರಿನದು 36. ಅವತ್ತು ಈ ಎಲ್ಲರೂ ನಮ್ಮ ಮಿಲ್ಲಿಗೆ ಊರಿನವರೇ ಆಗಿಬಿಟ್ಟಿದ್ದರು. ಮಹಾರಾಷ್ಟ್ರದ ಗಾಡಿಗಳಿಗೆ ಮಾತ್ರ ಫೀ ಬಿದ್ದಿತ್ತು. ಹಾಗಾಗಿ ಪ್ರೋಗ್ರಾಂ ಪೂರ್ತಿ ಕೆಟ್ಟಿದೆ ಅಂತ ಯಾರಿಗೂ ಅನ್ನಿಸಿರಲಿಲ್ಲ.

ಕಾರಣ ಒಂದೇ ಸಾಲಿನಲ್ಲಿತ್ತು. ಅದನ್ನು ಬಿಡಿಸಿ ಹೇಳುವ ಮೊದಲು ಒಂದು ಮಾತು: ಈ ಲೇಖನದಲ್ಲಿ ಕೋಡನ್ನು ಫೋನಿನಲ್ಲಿ ಓದಿ ಹೇಳುವ ಹಾಗೆ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಕೀವರ್ಡು, ಲೈಬ್ರರಿಯ ಹೆಸರು ಎಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ‘ಸ್ಟ್ರ್‌ಎನ್‌ಕಂಪ್’ ಅಂದರೆ ಎಸ್-ಟಿ-ಆರ್-ಎನ್-ಸಿ-ಎಂ-ಪಿ, ಎರಡು ಪಠ್ಯಗಳ ಮೊದಲ ಇಂತಿಷ್ಟು ಅಕ್ಷರ ಹೋಲಿಸುವ ಫಂಕ್ಷನ್. ಗಾಡಿ ನಂಬರಿನ ‘ಕೆಎ’ಯನ್ನು ಎರಡು ಇಂಗ್ಲಿಷ್ ಅಕ್ಷರ ಅಂತ ಎಣಿಸಿಕೊಳ್ಳಿ. ವೇರಿಯಬಲ್ ಹೆಸರು ಬೇಕಾದರೆ ಕನ್ನಡದಲ್ಲೇ ಇಡಬಹುದು, ಜಿಸಿಸಿ ಕಂಪೈಲರ್‌ನ 10ನೇ ಆವೃತ್ತಿಯಿಂದ ಈಚೆಗೆ ಅದು ತಕರಾರಿಲ್ಲದೆ ಒಪ್ಪುತ್ತದೆ.

ನನ್ನ ಸಾಲು ಮೊದಲು ಹೀಗಿತ್ತು:

ಇಫ್ (ಸ್ಟ್ರ್‌ಎನ್‌ಕಂಪ್(ನಂಬರ್, "ಕೆಎ32", 4) == 0)

ಸರಿಯಾಗಿಯೇ ಇತ್ತು. ಹಿಂದಿನ ವಾರ ಮುನೀಮರು ನಂಬರಿನ ನಡುವೆ ಅಡ್ಡಗೆರೆ ಬೇಕು, ಚೀಟಿಯಲ್ಲಿ ಓದಲು ಸುಲಭ ಅಂದರು. ನಾನು ಉದ್ಧರಣ ಚಿಹ್ನೆಯ ಒಳಗಿದ್ದುದನ್ನು ಬದಲಿಸಿದೆ, ಹೊರಗಿದ್ದ 4ನ್ನು ಮರೆತೆ:

ಇಫ್ (ಸ್ಟ್ರ್‌ಎನ್‌ಕಂಪ್(ನಂಬರ್, "ಕೆಎ-32", 4) == 0)

ಈಗ ಹೋಲಿಕೆ ಆಗುತ್ತಿರುವುದು ‘ಕೆಎ-3’ರ ತನಕ ಮಾತ್ರ. 30ರಿಂದ 39ರವರೆಗಿನ ಎಲ್ಲವೂ ಪಾಸು. ಕಂಪೈಲರ್ ಒಂದು ಮಾತೂ ಆಡಲಿಲ್ಲ. ಯಾಕೆ ಆಡಬೇಕು? ಮೊದಲ ನಾಲ್ಕು ಅಕ್ಷರ ಹೋಲಿಸು ಅಂದೆ, ಹೋಲಿಸಿತು.

ಮೊದಲು ಹುಡುಕಿ

ಹೊಸ ಫಂಕ್ಷನ್ ಬರೆಯುವ ಮುಂಚೆ ಇರುವ ಕೋಡಿನಲ್ಲಿ ಸ್ಟ್ರ್‌ಎನ್‌ಕಂಪ್, ಮೆಮ್‌ಕಂಪ್, ಸ್ಟ್ರ್‌ಎನ್‌ಕೇಸ್‌ಕಂಪ್ ಈ ಮೂರೂ ಹೋಲಿಸುವ ಫಂಕ್ಷನ್‌ಗಳು ಎಲ್ಲೆಲ್ಲಿವೆ ಅಂತ ಗ್ರೆಪ್ (ಫೈಲುಗಳಲ್ಲಿ ಪದ ಹುಡುಕುವ ಕಮಾಂಡ್) ಹಾಕಿ. ಸಿಕ್ಕ ಪ್ರತಿ ಸಾಲಿಗೂ ಮೂರು ಪ್ರಶ್ನೆ ಕೇಳಿ. ಕೊನೆಯಲ್ಲಿರುವ ಅಂಕಿಗೂ ಪ್ರಿಫಿಕ್ಸ್‌ನ ಉದ್ದಕ್ಕೂ ತಾಳೆ ಇದೆಯೇ? ಸೊನ್ನೆಗೆ ಹೋಲಿಸಿದ್ದೀರಾ? ಆ ಉದ್ದ ಎಲ್ಲಿಂದ ಬಂತು? ನನ್ನ ಆ ಸಣ್ಣ ಪ್ರೋಗ್ರಾಂನಲ್ಲೇ 17 ಕಡೆ ಸಿಕ್ಕಿತು, ಮೂರರಲ್ಲಿ ಎಣಿಕೆ ತಪ್ಪಿತ್ತು. ಒಂದರಲ್ಲಿ ಉದ್ದ ಒಂದು ಹೆಚ್ಚಾಗಿತ್ತು. ಅಂದರೆ ಪ್ರಿಫಿಕ್ಸ್‌ನ ಕೊನೆಯಲ್ಲಿ, ಪಠ್ಯ ಮುಗಿಯಿತು ಅಂತ ಹೇಳಲು ಸಿ ಇಡುವ ಸೊನ್ನೆ ಬೈಟ್ ಕೂಡ ಹೋಲಿಕೆಗೆ ಬಂದು, ‘ಹೀಗೆ ಶುರುವಾಗುತ್ತದೆಯೇ’ ಅನ್ನುವ ಪ್ರಶ್ನೆ ‘ಪೂರ್ತಿ ಇಷ್ಟೇ ಇದೆಯೇ’ ಅಂತ ಬದಲಾಗಿತ್ತು. ಆ ಇಫ್‌ನ ಒಳಗಿನ ಕೋಡಿನ ಶಾಖೆ ಎರಡು ವರ್ಷದಲ್ಲಿ ಒಮ್ಮೆಯೂ ಓಡಿರಲಿಲ್ಲ ಅನ್ನುವುದು ಅವತ್ತು ಗೊತ್ತಾಯಿತು.

ಎರಡನೆಯ ಪ್ರಶ್ನೆ ಮೇಲ್ನೋಟಕ್ಕೆ ಕ್ಷುಲ್ಲಕ. ಸ್ಟ್ರ್‌ಎನ್‌ಕಂಪ್ ಹುಟ್ಟಿರುವುದು ಯಾವುದು ಮೊದಲು, ಯಾವುದು ನಂತರ ಅಂತ ಸಾಲುಗಟ್ಟಿಸಲಿಕ್ಕೆ. ಎರಡೂ ಒಂದೇ ಆದರೆ ಅದು ಸೊನ್ನೆ ಕೊಡುತ್ತದೆ, ಸಿಯಲ್ಲಿ ಸೊನ್ನೆ ಅಂದರೆ ‘ಇಲ್ಲ’. ಹೊಂದಿಕೆಯಾದರೆ ‘ಇಲ್ಲ’ ಅನ್ನುವ ಫಂಕ್ಷನ್ನನ್ನು ದಿನಾ ಓದುತ್ತಿದ್ದರೆ ಎಂಥವರೂ ಒಂದು ದಿನ ಮುಗ್ಗರಿಸುತ್ತಾರೆ. ಕೋಡಿನ ಆವೃತ್ತಿಗಳನ್ನು ಕಾಪಾಡುವ ‘ಗಿಟ್’ ಬರೆದವರೂ ಇದನ್ನು ಅನುಭವಿಸಿದವರೇ. ಅವರ ಕೋಡಿನಲ್ಲಿ ‘ಪ್ರಿಫಿಕ್ಸ್‌ಕಂಪ್’ ಅನ್ನುವ ಫಂಕ್ಷನ್ ಇತ್ತು, ಹೊಂದಿಕೆಯಾದರೆ ಸೊನ್ನೆ ಕೊಡುತ್ತಿತ್ತು, ಹಾಗಾಗಿ ಎಲ್ಲೆಡೆ ಅದರ ಮುಂದೆ ಉತ್ತರ ತಿರುಗಿಸುವ ಉದ್ಗಾರ ಚಿಹ್ನೆ. 2013ರ ಡಿಸೆಂಬರ್‌ನಲ್ಲಿ ಅದನ್ನು ತೆಗೆದು ‘ಸ್ಟಾರ್ಟ್ಸ್-ವಿತ್’ ಅಂತ ಹೌದು-ಅಲ್ಲ ಹೇಳುವ ಫಂಕ್ಷನ್ ತಂದರು. ಹೆಸರು ಏನು ಹೇಳುತ್ತದೋ ಉತ್ತರವೂ ಅದೇ.

ಉದ್ದವನ್ನು ಕೈಯಲ್ಲಿ ಎಣಿಸಬೇಡಿ

ಸಿ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಪ್ರಿಫಿಕ್ಸ್ ನೋಡಲು ಪ್ರತ್ಯೇಕ ಫಂಕ್ಷನ್ ಇಲ್ಲ, ಸಿ23ರಲ್ಲೂ ಬರಲಿಲ್ಲ. ಪೈಥಾನ್‌ನಲ್ಲಿ ಬಹಳ ಹಿಂದಿನಿಂದ ಇದೆ, ಸಿ++ಗೆ 2020ರಲ್ಲಿ ಬಂತು. ನಮ್ಮದನ್ನು ನಾವೇ ಬರೆದುಕೊಳ್ಳಬೇಕು. ಆರು ಸಾಲು:

ಸ್ಟ್ಯಾಟಿಕ್ ಬೂಲ್ ಹೀಗೆ_ಶುರು(ಕಾನ್ಸ್ಟ್ ಚಾರ್ *ಸಾಲು, ಕಾನ್ಸ್ಟ್ ಚಾರ್ *ಮೊದಲು)
{
  ವೈಲ್ (*ಮೊದಲು)
    ಇಫ್ (*ಸಾಲು++ != *ಮೊದಲು++) ರಿಟರ್ನ್ ಫಾಲ್ಸ್;
  ರಿಟರ್ನ್ ಟ್ರೂ;
}

ಇಲ್ಲಿ ಅಂಕಿಯೇ ಇಲ್ಲ. ಸಾಲು ಪ್ರಿಫಿಕ್ಸ್‌ಗಿಂತ ಮೊದಲೇ ಮುಗಿದರೆ ಅದರ ಸೊನ್ನೆ ಬೈಟು ಪ್ರಿಫಿಕ್ಸ್‌ನ ಅಕ್ಷರಕ್ಕೆ ಹೊಂದುವುದಿಲ್ಲ, ಅಲ್ಲೇ ‘ಅಲ್ಲ’ ಅಂತ ಹೊರಬೀಳುತ್ತದೆ, ಆಚೆಗಿನ ಮೆಮೊರಿ ಮುಟ್ಟುವುದಿಲ್ಲ. ಉದ್ದ ಎಣಿಸುವ ಸ್ಟ್ರ್‌ಲೆನ್ ಕರೆದು ಅದರ ಉತ್ತರವನ್ನು ಸ್ಟ್ರ್‌ಎನ್‌ಕಂಪ್‌ಗೆ ಕೊಟ್ಟರೂ ಇದೇ ಫಲ, ಆದರೆ ಪ್ರಿಫಿಕ್ಸ್‌ನ ಹೆಸರನ್ನು ಎರಡು ಸಲ ಬರೆಯಬೇಕು. ಎರಡು ಸಲ ಬರೆಯುವ ಕಡೆ ಒಂದು ದಿನ ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುತ್ತೇವೆ. ಬರೆಯುವುದಾದರೆ ಫಂಕ್ಷನ್ ಒಳಗೆ ಒಮ್ಮೆ ಬರೆದು ಮುಚ್ಚಿಡಿ.

ಯಾದಗಿರಿಯಿಂದ ಇಂಟರ್ನ್‌ಶಿಪ್‌ಗೆ ಬಂದಿದ್ದ ಹುಡುಗಿ ಇದನ್ನು ನೋಡಿ, “ಸರ್, ಸೈಜ್‌ಆಫ್ ಹಾಕಿದ್ರ ಕಂಪೈಲರ್ರೇ ಎಣಿಸ್ತದಲ್ರಿ, ಮತ್ತ್ಯಾಕ ಲೂಪು?” ಅಂದಳು. ಅವಳ ಮಾತು ಅರ್ಧ ಸರಿ. ಉದ್ಧರಣ ಚಿಹ್ನೆಯೊಳಗಿನ ಪಠ್ಯಕ್ಕೆ ನೇರವಾಗಿ ಸೈಜ್‌ಆಫ್ ಹಾಕಿ ಒಂದು ಕಳೆದರೆ ಸರಿಯಾದ ಉದ್ದ ಸಿಗುತ್ತದೆ. ಆ ಒಂದು ಕಳೆಯದಿದ್ದರೆ ಮೇಲೆ ಹೇಳಿದ ‘ಪೂರ್ತಿ ಇಷ್ಟೇ’ ರೋಗ. ಅದಕ್ಕಿಂತ ದೊಡ್ಡ ಗಂಡಾಂತರ ಪಾಯಿಂಟರ್‌ನದು, ಅಂದರೆ ಪಠ್ಯ ಇರುವ ಜಾಗದ ವಿಳಾಸದ್ದು. ಅದೇ ಪಠ್ಯವನ್ನು ನಾಳೆ ಒಂದು ಪಾಯಿಂಟರ್ ವೇರಿಯಬಲ್‌ಗೆ ಸಾಗಿಸಿದರೆ ಸೈಜ್‌ಆಫ್ ಎಣಿಸುವುದು ಪಠ್ಯವನ್ನಲ್ಲ, ಪಾಯಿಂಟರನ್ನು. 64 ಬಿಟ್ ಯಂತ್ರದಲ್ಲಿ ಅದು 8, ಹಳೆಯ 32 ಬಿಟ್ ಯಂತ್ರದಲ್ಲಿ 4. ಒಂದು ಕಳೆಯಲು ಮರೆತವರಿಗೆ 32 ಬಿಟ್ ಯಂತ್ರದಲ್ಲಿ ಮತ್ತೆ ‘ಕೆಎ-3’, ಭಾಲ್ಕಿ ಲಾರಿ ಮತ್ತೆ ನಮ್ಮೂರಿನದು. 64 ಬಿಟ್‌ನಲ್ಲಿ ನಮ್ಮೂರಿನ ಲಾರಿಯೂ ನಮ್ಮದಲ್ಲ.

ಸೈಜ್‌ಆಫ್ ಬೇಕೇ ಬೇಕು ಅನ್ನುವವರಿಗೆ ಒಂದು ಹಳೆಯ ಉಪಾಯವಿದೆ. ಮ್ಯಾಕ್ರೊ ಬರೆದು, ಪ್ರಿಫಿಕ್ಸ್‌ನ ಮುಂದೆ ಒಂದು ಖಾಲಿ ಜೋಡಿ ಉದ್ಧರಣ ಚಿಹ್ನೆ ಇಡಿ. ಪಕ್ಕಪಕ್ಕದ ಎರಡು ಪಠ್ಯಗಳನ್ನು ಕಂಪೈಲರ್ ಜೋಡಿಸಿಕೊಳ್ಳುತ್ತದೆ. ಅಲ್ಲಿಗೆ ಪಾಯಿಂಟರ್ ಕೊಟ್ಟರೆ ಜೋಡಿಸಲಾಗದೆ ಎರರ್ ಕೊಟ್ಟು ನಿಲ್ಲುತ್ತದೆ. ತಪ್ಪು ಬಳಕೆ ಕಂಪೈಲ್ ಆಗುವುದೇ ಇಲ್ಲ.

ಉದ್ದ ಎದುರಿನವರಿಂದ ಬಂದರೆ

ಮೂರನೆಯ ಪ್ರಶ್ನೆ, ಉದ್ದ ಎಲ್ಲಿಂದ ಬಂತು ಅನ್ನುವುದು, ಬರೀ ಕಾಟಾ ಫೀ ವಿಷಯವಲ್ಲ. ಇಂಟೆಲ್‌ನ ಆಕ್ಟಿವ್ ಮ್ಯಾನೇಜ್‌ಮೆಂಟ್ ಟೆಕ್ನಾಲಜಿ ಅಂತ ಒಂದಿದೆ, ಕಂಪ್ಯೂಟರ್ ಆಫ್ ಆಗಿದ್ದರೂ ದೂರದಿಂದ ಅದನ್ನು ನಿಭಾಯಿಸುವ ವ್ಯವಸ್ಥೆ. 2017ರ ಮೇ ತಿಂಗಳಲ್ಲಿ ಅದರಲ್ಲಿ ಸಿವಿಇ-2017-5689 ಅನ್ನುವ ದೋಷ ಬಯಲಾಯಿತು. ಲಾಗಿನ್ ಆಗುವವನು ಕಳಿಸಿದ ಉತ್ತರವನ್ನು ಸರಿಯಾದ ಉತ್ತರದ ಜೊತೆ ಸ್ಟ್ರ್‌ಎನ್‌ಕಂಪ್‌ನಿಂದ ಹೋಲಿಸುತ್ತಿದ್ದರು, ಎಷ್ಟು ಅಕ್ಷರ ಹೋಲಿಸಬೇಕು ಅನ್ನುವುದಕ್ಕೆ ಕಳಿಸಿದವನ ಉತ್ತರದ ಉದ್ದವನ್ನೇ ತೆಗೆದುಕೊಂಡಿದ್ದರು. ಅವನು ಖಾಲಿ ಉತ್ತರ ಕಳಿಸಿದ. ಸೊನ್ನೆ ಅಕ್ಷರ ಹೋಲಿಸಿದರೆ ಯಾವಾಗಲೂ ಸಮ. ಪಾಸ್‌ವರ್ಡ್ ಇಲ್ಲದೆಯೇ ಬಾಗಿಲು ತೆರೆಯಿತು.

ಹಾಗಾಗಿ ಹೋಲಿಕೆಯ ಉದ್ದ ಯಾವತ್ತೂ ನಿಮ್ಮ ಪ್ರಿಫಿಕ್ಸ್‌ನದಾಗಿರಲಿ, ಬಂದ ಡೇಟಾದ್ದಲ್ಲ, ಎರಡರಲ್ಲಿ ಚಿಕ್ಕದ್ದೂ ಅಲ್ಲ. ಪಾಸ್‌ವರ್ಡ್, ಟೋಕನ್‌ಗಳಿಗಂತೂ ಪ್ರಿಫಿಕ್ಸ್ ಹೋಲಿಕೆಯೇ ಬೇಡ, ಪೂರ್ತಿ ಉದ್ದ ತಾಳೆ ನೋಡಿ ಪೂರ್ತಿ ಹೋಲಿಸಬೇಕು.

ಖಾಲಿ ಪ್ರಿಫಿಕ್ಸ್‌ನದೂ ಇದೇ ಜಾತಿಯ ಸಮಸ್ಯೆ. ಮೇಲಿನ ಹೀಗೆ_ಶುರು ಫಂಕ್ಷನ್‌ಗೆ ಖಾಲಿ ಪ್ರಿಫಿಕ್ಸ್ ಕೊಟ್ಟರೆ ಎಲ್ಲದಕ್ಕೂ ‘ಹೌದು’ ಅನ್ನುತ್ತದೆ. ಗಣಿತದ ಲೆಕ್ಕದಲ್ಲಿ ಅದು ಸರಿ, ಮಿಲ್ಲಿನ ಲೆಕ್ಕದಲ್ಲಿ ಅಲ್ಲ. ಪ್ರಿಫಿಕ್ಸ್ ಅನ್ನು ಕಾನ್ಫಿಗ್ ಫೈಲಿನಿಂದ ಓದುವುದಾದರೆ, ಆ ಸಾಲು ಖಾಲಿ ಇದ್ದಾಗ ಪ್ರೋಗ್ರಾಂ ಶುರುವಾಗುವಾಗಲೇ ನಿಂತು ದೂರಲಿ. ಲಿನಕ್ಸ್ ಕರ್ನಲ್‌ಗೆ 2019ರ 5.0 ಆವೃತ್ತಿಯಲ್ಲಿ ಬಂದ ‘ಸ್ಟ್ರ್-ಹ್ಯಾಸ್-ಪ್ರಿಫಿಕ್ಸ್’ ಹೊಂದಿಕೆಯಾದರೆ ಪ್ರಿಫಿಕ್ಸ್‌ನ ಉದ್ದವನ್ನೇ ಕೊಡುತ್ತದೆ, ಇಲ್ಲದಿದ್ದರೆ ಸೊನ್ನೆ. ಅಲ್ಲಿ ಖಾಲಿ ಪ್ರಿಫಿಕ್ಸ್‌ಗೆ ಉತ್ತರ ತಾನಾಗಿಯೇ ‘ಇಲ್ಲ’ ಆಗುತ್ತದೆ. ಅವರು ಅದನ್ನೂ ಯೋಚಿಸಿ ಮಾಡಿದರೋ ಏನೋ, ನನಗಂತೂ ಹಿಡಿಸಿತು.

ನೋಡಿದ ಮೇಲೆ ದಾಟುವುದೂ ಅದೇ ಕೈಯಲ್ಲಿ ಆಗಲಿ

ಪ್ರಿಫಿಕ್ಸ್ ಇದೆ ಅಂತ ಗೊತ್ತಾದ ಮೇಲೆ ನಾವು ಮಾಡುವುದೇನು? ಅದನ್ನು ದಾಟಿ ಮುಂದಿನದನ್ನು ಓದುತ್ತೇವೆ. ‘ನಂಬರ್ + 5’ ಅಂತ ಬರೆಯುತ್ತೇವೆ. ಅಲ್ಲಿಗೆ ಕೈ ಎಣಿಕೆ ಹಿಂಬಾಗಿಲಿನಿಂದ ವಾಪಸು ಬಂತು. ಗಿಟ್‌ನವರು ಇದಕ್ಕೆ ‘ಸ್ಕಿಪ್-ಪ್ರಿಫಿಕ್ಸ್’ ಅಂತ ಇಟ್ಟುಕೊಂಡಿದ್ದಾರೆ. ನಮ್ಮದು:

ಸ್ಟ್ಯಾಟಿಕ್ ಬೂಲ್ ದಾಟು(ಕಾನ್ಸ್ಟ್ ಚಾರ್ *ಸಾಲು, ಕಾನ್ಸ್ಟ್ ಚಾರ್ *ಮೊದಲು, ಕಾನ್ಸ್ಟ್ ಚಾರ್ **ಉಳಿದದ್ದು)
{
  ವೈಲ್ (*ಮೊದಲು)
    ಇಫ್ (*ಸಾಲು++ != *ಮೊದಲು++) ರಿಟರ್ನ್ ಫಾಲ್ಸ್;
  *ಉಳಿದದ್ದು = ಸಾಲು;
  ರಿಟರ್ನ್ ಟ್ರೂ;
}

ಹೊಂದಿಕೆಯಾಗದಿದ್ದರೆ ಉಳಿದದ್ದನ್ನು ಮುಟ್ಟುವುದಿಲ್ಲ, ಇದು ಮುಖ್ಯ. ಹಾಗಿದ್ದರೆ ಮಾತ್ರ ಒಂದರ ಕೆಳಗೊಂದು ಎಲ್ಸ್-ಇಫ್ ಸರಪಳಿ ಹಾಕಿ ಬೇರೆ ಬೇರೆ ಪ್ರಿಫಿಕ್ಸ್‌ಗಳನ್ನು ನಿರಾತಂಕವಾಗಿ ನೋಡಬಹುದು. ಈಗ ನಾನು ಹೀಗೆ_ಶುರುವನ್ನು ಬಳಸುವುದೇ ಅಪರೂಪ, ಬಹುಪಾಲು ಕಡೆ ದಾಟು ಸಾಕಾಗುತ್ತದೆ.

ಕೊನೆಯ ಸೊನ್ನೆ ಇಲ್ಲದ ಡೇಟಾ

ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ ಭಾಗ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಇಂಡಿಕೇಟರ್ ಕಳಿಸುವ ಸಾಲು ಹೀಗಿರುತ್ತದೆ: ‘ಎಸ್‌ಟಿ,ಜಿಎಸ್,+012340’. ಎಸ್‌ಟಿ ಅಂದರೆ ತೂಕ ನಿಂತಿದೆ, ಯುಎಸ್ ಅಂದರೆ ಲಾರಿ ಇನ್ನೂ ಅಲುಗಾಡುತ್ತಿದೆ. ಎಸ್‌ಟಿಯಿಂದ ಶುರುವಾದರೆ ಮಾತ್ರ ಚೀಟಿ ಮುದ್ರಿಸಬೇಕು. ಒಂದು ಸಂಜೆ ಖಾಲಿ ಲಾರಿಗೆ ಹಿಂದಿನ ಲಾರಿಯ ತೂಕ ಬಂತು. ಹನ್ನೆರಡು ಟನ್ನಿನ ಖಾಲಿ ಲಾರಿ! ಡ್ರೈವರ್ ನಕ್ಕ, ಮುನೀಮರು ನಗಲಿಲ್ಲ.

ಆಗಿದ್ದು ಇಷ್ಟು. ಕೇಬಲ್ಲಿನ ಸ್ಕ್ರೂ ಸಡಿಲಾಗಿತ್ತು, ಒಮ್ಮೊಮ್ಮೆ ಸಾಲು ಅರ್ಧಕ್ಕೇ ಬರುತ್ತಿತ್ತು. ಸೀರಿಯಲ್ ಪೋರ್ಟ್‌ನಿಂದ ರೀಡ್ ಮಾಡಿದಾಗ ಬಂದದ್ದು ಒಂದೇ ಬೈಟು, ‘ಎಸ್’. ರೀಡ್ ಕೊನೆಯಲ್ಲಿ ಸೊನ್ನೆ ಬೈಟ್ ಇಡುವುದಿಲ್ಲ, ಬಂದಷ್ಟನ್ನು ಬಫರಿನ ತಲೆಯಲ್ಲಿ ಇಟ್ಟು ಎಷ್ಟು ಬಂತು ಅಂತ ಮಾತ್ರ ಹೇಳುತ್ತದೆ. ನಾನು ಆ ಎಣಿಕೆಯನ್ನು ಕಡೆಗಣಿಸಿದ್ದೆ. ಬಫರಿನಲ್ಲಿ ಹಿಂದಿನ ಲಾರಿಯ ಸಾಲಿನ ಉಳಿಕೆ, ಎರಡನೇ ಬೈಟಿನಿಂದ ಮುಂದಕ್ಕೆ, ಹಾಗೇ ಕೂತಿತ್ತು. ಹೊಸ ‘ಎಸ್’ಗೆ ಹಳೆಯ ‘ಟಿ,ಜಿಎಸ್,+012340’ ಅಂಟಿಕೊಂಡು ಸೊಗಸಾದ, ಸಂಪೂರ್ಣ ಸುಳ್ಳು ಸಾಲಾಯಿತು. ಪ್ರಿಫಿಕ್ಸ್ ಹೋಲಿಕೆ ಅದನ್ನು ಎಸ್‌ಟಿ ಅಂತ ಪ್ರಾಮಾಣಿಕವಾಗಿ ಒಪ್ಪಿತು.

ಇಂಥ ಡೇಟಾಗೆ ಸ್ಟ್ರ್‌ನಿಂದ ಶುರುವಾಗುವ ಯಾವ ಫಂಕ್ಷನ್ನೂ ತಕ್ಕದ್ದಲ್ಲ. ಪಾಯಿಂಟರ್ ಜೊತೆಗೆ ಉದ್ದವೂ ಸಾಗಬೇಕು:

ಇಫ್ (ಮೊದಲಿನ_ಉದ್ದ > ಬಂದ_ಉದ್ದ) ರಿಟರ್ನ್ ಫಾಲ್ಸ್;
ರಿಟರ್ನ್ ಮೆಮ್‌ಕಂಪ್(ಬಫರ್, ಮೊದಲು, ಮೊದಲಿನ_ಉದ್ದ) == 0;

ಮೊದಲ ಸಾಲನ್ನು ಬಿಟ್ಟರೆ ಎರಡನೆಯದು ವಿಷ. ಮೆಮ್‌ಕಂಪ್ ಸೊನ್ನೆ ಬೈಟ್ ಕಂಡರೂ ನಿಲ್ಲುವುದಿಲ್ಲ, ಹೇಳಿದಷ್ಟನ್ನು ಓದುವ ಹಕ್ಕು ತನಗಿದೆ ಅಂದುಕೊಳ್ಳುತ್ತದೆ. ಎರಡು ಬೈಟಿನ ಬಫರಿನಲ್ಲಿ ಐದು ಓದಿದರೆ ಆಚೆಗಿನ ಮೂರು ಯಾರವು? ‘ಸ್ಟ್ರ್‌ಎನ್‌ಕಂಪ್ ನಿಧಾನ, ಮೆಮ್‌ಕಂಪ್ ಚುರುಕು’ ಅಂತ ಹೇಳಿ ಬದಲಿಸುವವರು ಉದ್ದದ ಪರೀಕ್ಷೆಯನ್ನೂ ಜೊತೆಗೆ ತರಬೇಕು. ಐದಕ್ಷರದ ಹೋಲಿಕೆಯಲ್ಲಿ ಉಳಿಯುವ ವೇಗ ಲಾರಿ ಕಾಟಾ ಹತ್ತುವಷ್ಟರಲ್ಲಿ ಯಾರಿಗೂ ಕಾಣುವುದಿಲ್ಲ.

ಇನ್ನೊಂದು, ರೀಡ್‌ನಿಂದ ಬಂದ ತುಂಡುಗಳನ್ನು ಸಾಲಿನ ಕೊನೆ ಬರುವ ತನಕ ಕೂಡಿಹಾಕಿ, ಆಮೇಲಷ್ಟೇ ಪ್ರಿಫಿಕ್ಸ್ ನೋಡಿ. ಸಾಲು ಪೂರ್ತಿಯಾದ ಮೇಲೆ ನೀವೇ ಒಂದು ಸೊನ್ನೆ ಬೈಟ್ ಇಟ್ಟುಕೊಂಡರೆ ದಾಟು ಫಂಕ್ಷನ್ ಮತ್ತೆ ಬಳಕೆಗೆ ಬರುತ್ತದೆ. ಬಫರಿನಲ್ಲಿ ಅದಕ್ಕೊಂದು ಬೈಟ್ ಜಾಗ ಬಿಟ್ಟಿರಬೇಕು, ಅಷ್ಟೆ. ಸ್ಟ್ರ್‌ಎನ್‌ಕಾಪಿಯಿಂದ ನಕಲು ಮಾಡಿದರೆ ಸೊನ್ನೆ ತಾನಾಗಿ ಬರುತ್ತದೆ ಅಂತ ನಂಬಬೇಡಿ, ಜಾಗ ತುಂಬಿದರೆ ಅದು ಸೊನ್ನೆ ಇಡದೆ ಎದ್ದು ಹೋಗುತ್ತದೆ.

ಪ್ರಿಫಿಕ್ಸ್ ಮುಗಿದ ಜಾಗದಲ್ಲಿ ಏನಿದೆ?

ಹೋಲಿಕೆ ಸರಿಯಾದ ಮಾತ್ರಕ್ಕೆ ಅರ್ಥ ಸರಿಯಾಗುವುದಿಲ್ಲ. ಮಾಲಿನ ಹೆಸರು ‘ತೊಗರಿ’ಯಿಂದ ಶುರುವಾಗುತ್ತದೆಯೇ ಅಂತ ನೋಡಿದರೆ ‘ತೊಗರಿ ಬೇಳೆ’ಯೂ ಅಲ್ಲೇ ಬೀಳುತ್ತದೆ. ಒಂದು ಒಳಗೆ ಬರುವ ಮಾಲು, ಇನ್ನೊಂದು ಹೊರಗೆ ಹೋಗುವ ಮಾಲು. ಎರಡೂ ಕೋಷ್ಟಕದಲ್ಲಿದ್ದರೆ ಉದ್ದದ್ದನ್ನು ಮೊದಲು ನೋಡಿ. ದೂರವಾಣಿ ಕೋಡೂ ಹಾಗೇ: ಕಲಬುರಗಿ 08472, ಯಾದಗಿರಿ 08473, ಬೀದರ್ 08482. ಯಾರಾದರೂ 0847 ಅಂತ ನಿಲ್ಲಿಸಿದರೆ ಎರಡು ಜಿಲ್ಲಾಕೇಂದ್ರಗಳು ಒಂದಾಗುತ್ತವೆ.

ಫೈಲ್ ಪಾಥ್ ಹೋಲಿಸುವಾಗ ಇದು ಭದ್ರತೆಯ ಪ್ರಶ್ನೆ. ‘/ಡೇಟಾ/ಕಾಟಾ’ ಒಳಗಿನ ಫೈಲು ಮಾತ್ರ ತೋರಿಸು ಅಂತ ಪ್ರಿಫಿಕ್ಸ್ ನೋಡಿದರೆ ‘/ಡೇಟಾ/ಕಾಟಾ-ಹಳೆಯದು’ ಕೂಡ ಪಾಸು. ದಾಟಿದ ಮೇಲೆ ಉಳಿದದ್ದರ ಮೊದಲ ಅಕ್ಷರ ಓರೆಗೆರೆಯೋ ಸೊನ್ನೆ ಬೈಟೋ ಅಂತ ನೋಡಬೇಕು. ಎರಡು ಚುಕ್ಕೆ ಇಟ್ಟು ಮೇಲಿನ ಫೋಲ್ಡರ್‌ಗೆ ಹತ್ತುವವರೂ ಇರುತ್ತಾರೆ, ಹಾಗಾಗಿ ಮೊದಲು ರಿಯಲ್‌ಪಾಥ್‌ನಿಂದ ಪಾಥ್ ಬಿಡಿಸಿಕೊಂಡು ಆಮೇಲೆ ಹೋಲಿಸಿ.

ಟೈಪ್ ಮಾಡುವವರು ಮನುಷ್ಯರು

ಮುನೀಮರು ಒಮ್ಮೆ ‘ಕೆಎ-32’ ಹೊಡೆಯುತ್ತಾರೆ, ಒಮ್ಮೆ ಅಡ್ಡಗೆರೆ ಬಿಡುತ್ತಾರೆ, ಅವರ ಮಗ ಕೂತರೆ ಎಲ್ಲ ಸಣ್ಣಕ್ಷರ. ಪ್ರತಿ ಹೋಲಿಕೆಯಲ್ಲೂ ಇದನ್ನೆಲ್ಲ ನಿಭಾಯಿಸಬೇಡಿ. ಒಳಗೆ ಬಂದ ಕೂಡಲೇ ಒಮ್ಮೆ ಸ್ಪೇಸು, ಅಡ್ಡಗೆರೆ ತೆಗೆದು ದೊಡ್ಡಕ್ಷರ ಮಾಡಿ ಇಟ್ಟುಕೊಳ್ಳಿ, ಚೀಟಿಗೆ ಮುದ್ರಿಸುವಾಗ ಬೇಕಾದ ಹಾಗೆ ಅಲಂಕರಿಸಿ. ಅವತ್ತೇ ನಾನು ಹೀಗೆ ಮಾಡಿದ್ದರೆ ‘ಕೆಎ32’ ಮತ್ತು 4 ಇವತ್ತಿಗೂ ಸುಖವಾಗಿರುತ್ತಿದ್ದವು.

ದೊಡ್ಡಕ್ಷರ ಮಾಡುವ ಟುಅಪ್ಪರ್‌ಗೆ ಚಾರ್ ನೇರವಾಗಿ ಕೊಡಬೇಡಿ, ಅನ್‌ಸೈನ್ಡ್ ಚಾರ್ ಆಗಿ ಬದಲಿಸಿ ಕೊಡಿ. ನಮ್ಮ ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ ಚಾರ್ ಋಣ ಸಂಖ್ಯೆಯೂ ಆಗಬಹುದು. ಯಾರಾದರೂ ಆ ಪೆಟ್ಟಿಗೆಯಲ್ಲಿ ಕನ್ನಡ ಟೈಪ್ ಮಾಡಿದರೆ ಆಗಿಯೇ ಆಗುತ್ತದೆ, ಅಲ್ಲಿಂದ ಮುಂದೆ ಏನಾಗಬೇಕು ಅಂತ ಸಿ ಭಾಷೆ ಹೇಳುವುದೇ ಇಲ್ಲ. ದೊಡ್ಡಕ್ಷರ ಸಣ್ಣಕ್ಷರ ಭೇದ ಮಾಡದೆ ಹೋಲಿಸುವ ಸ್ಟ್ರ್‌ಎನ್‌ಕೇಸ್‌ಕಂಪ್ ಯುನಿಕ್ಸ್ ಜಾತಿಯ ವ್ಯವಸ್ಥೆಗಳ ಪೋಸಿಕ್ಸ್ ಸ್ಟ್ಯಾಂಡರ್ಡ್‌ನದು, ಸಿ ಸ್ಟ್ಯಾಂಡರ್ಡ್‌ನದಲ್ಲ. ವಿಂಡೋಸ್‌ನಲ್ಲಿ ಅದರ ಹೆಸರು ಬೇರೆ.

ಕನ್ನಡದಲ್ಲಿ ಹೋಲಿಸುವಾಗ

ಊರಿನ ಹೆಸರು ಕನ್ನಡದಲ್ಲಿ ಬಂದಾಗ ಕೈ ಎಣಿಕೆಯ ಅಭ್ಯಾಸ ಪೂರ್ತಿ ನೆಲಕಚ್ಚುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು, ಮತ್ತು ಗುಣಿತದ ಚಿಹ್ನೆಯೂ ಒತ್ತಿಗೆ ಬಳಸುವ ಹಲಂತವೂ ಬೇರೆ ಬೇರೆ ಚಿಹ್ನೆಗಳೇ. ‘ಬೀದರ್’ ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರ್‌ಗೆ ಬ, ದೀರ್ಘದ ಈಕಾರ, ದ, ರ, ಹಲಂತ: ಐದು ಚಿಹ್ನೆ, 15 ಬೈಟ್. ಮೂರಕ್ಷರ ಅಂತ 3 ಬರೆದರೆ ಹೋಲಿಕೆ ಆಗುವುದು ಬರೀ ‘ಬ’, ಬಸವಕಲ್ಯಾಣವೂ ಬೀದರ್ ಆಗುತ್ತದೆ. 2 ಬರೆದವರ ಪಾಡು ಇನ್ನೂ ಚೆಂದ. ಇಂದು ಬಳಕೆಯಲ್ಲಿರುವ ಕನ್ನಡದ ಮೂಲಾಕ್ಷರಗಳೆಲ್ಲ 224, 178 ಅನ್ನುವ ಎರಡು ಬೈಟುಗಳಿಂದಲೇ ಶುರುವಾಗುತ್ತವೆ, ‘ಕ’ಕ್ಕೂ ‘ಬ’ಕ್ಕೂ ವ್ಯತ್ಯಾಸ ಇರುವುದು ಮೂರನೆಯ ಬೈಟಿನಲ್ಲಿ, 149 ಮತ್ತು 172. ಎರಡೇ ಬೈಟ್ ನೋಡಿದರೆ ಕಲಬುರಗಿ, ಬೀದರ್, ಯಾದಗಿರಿ ಮೂರೂ ಒಂದೇ ಊರು.

ನಮ್ಮ ಕಡೆ ‘ಬೀದರ’ ಅಂತಲೂ ಬರೆಯುತ್ತಾರೆ, ‘ಬೀದರ್’ ಅಂತಲೂ. ಹಲಂತ ಕೊನೆಗೆ ಸೇರುವ ಚಿಹ್ನೆಯಾದ್ದರಿಂದ 12 ಬೈಟಿನ ‘ಬೀದರ’ ಪ್ರಿಫಿಕ್ಸ್ ಇಟ್ಟರೆ ಎರಡೂ ಸಿಗುತ್ತವೆ. ಹಾಗೇ ‘ಕಡಲ’ ಅಂತ ಇಟ್ಟರೆ ‘ಕಡಲೆ’ಯೂ ನಮ್ಮವರ ‘ಕಡಲಿ’ಯೂ ಬೀಳುತ್ತವೆ. ಇದು ವರವೂ ಹೌದು, ಶಾಪವೂ ಹೌದು. ಅಕ್ಷರದ ನಡುವೆ ಕಡಿಯಬಾರದು ಅಂತಿದ್ದರೆ, ದಾಟಿದ ಮೇಲೆ ಉಳಿದದ್ದರ ಮೊದಲ ಚಿಹ್ನೆ ಗುಣಿತದ್ದೋ, ಹಲಂತವೋ, ಅನುಸ್ವಾರ ವಿಸರ್ಗವೋ ಅಂತ ನೋಡಿ ತಿರಸ್ಕರಿಸಬೇಕು.

ಇದಕ್ಕೂ ಮೇಲೊಂದು ತೊಡಕಿದೆ. ಈಕಾರದ ದೀರ್ಘವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಇಕಾರ ಮತ್ತು ದೀರ್ಘ ಅಂತ ಎರಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ‘ಬೀ’. ಬೈಟುಗಳಲ್ಲಿ ಒಂದು ‘ಬೀದರ್’ 15, ಇನ್ನೊಂದು 18, ಹೋಲಿಸಿದರೆ ಬೇರೆ ಬೇರೆ. ಸಿ ಲೈಬ್ರರಿಯಲ್ಲಿ ಇದಕ್ಕೆ ಮದ್ದಿಲ್ಲ. ಐಸಿಯು ಅಥವಾ ಯುಟಿಎಫ್8ಪ್ರಾಕ್‌ನಂಥ ಲೈಬ್ರರಿಯಿಂದ ಮೊದಲು ಒಂದೇ ರೂಪಕ್ಕೆ ತಂದು, ಆಮೇಲೆ ಬೈಟ್ ಹೋಲಿಸಬೇಕು. ಈ ಕೆಲಸವೂ ಗಾಡಿ ನಂಬರಿನ ಹಾಗೆ ಬಾಗಿಲಲ್ಲೇ ಒಮ್ಮೆ ಆಗಲಿ.

ಗುಲ್ಬರ್ಗ 2014ರ ನವೆಂಬರ್ 1ರಿಂದ ಕಲಬುರಗಿ ಆಯಿತಲ್ಲ, ಹಳೆಯ ಡೇಟಾದಲ್ಲಿ ಅದು ಇನ್ನೂ ‘ಗು’ನಿಂದ ಶುರುವಾಗುತ್ತದೆ. ಅದಕ್ಕೆ ಪ್ರಿಫಿಕ್ಸ್‌ನಲ್ಲಿ ಜಾಣತನ ಮಾಡಬೇಡಿ, ಕೋಷ್ಟಕದಲ್ಲಿ ಎರಡು ಸಾಲು ಬರೆಯಿರಿ.

ಕಂಪೈಲರನ್ನು ದುಡಿಸಿ, ಪರೀಕ್ಷೆ ಬರೆಯಿರಿ

ಜಿಸಿಸಿ ಅಥವಾ ಕ್ಲ್ಯಾಂಗ್‌ಗೆ ‘ಡಬ್ಲ್ಯು-ಆಲ್’, ‘ಡಬ್ಲ್ಯು-ಎಕ್ಸ್‌ಟ್ರಾ’ ಎರಡೂ ಕೊಡಿ. ಸ್ಟ್ರ್‌ಎನ್‌ಕಂಪ್‌ಗೆ ಪಾಯಿಂಟರ್‌ನ ಸೈಜ್‌ಆಫ್ ಕೊಟ್ಟಿದ್ದರೆ ಮೊದಲನೆಯದೇ ಎಚ್ಚರಿಸುತ್ತದೆ. ಪರೀಕ್ಷೆ ಓಡಿಸುವಾಗ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಕಂಪೈಲ್ ಮಾಡಿ, ಮೆಮ್‌ಕಂಪ್ ಬಫರ್ ದಾಟಿ ಓದಿದರೆ ಯಾವ ಸಾಲು ಅಂತ ಬೊಟ್ಟು ಮಾಡಿ ತೋರಿಸಿ ನಿಲ್ಲುತ್ತದೆ. ಆದರೆ ‘ಕೆಎ-32’ರ ಪಕ್ಕದ 4 ಇಬ್ಬರಿಗೂ ಕಾಣುವುದಿಲ್ಲ. ಅದಕ್ಕೆ ಪರೀಕ್ಷೆಯೇ ಬೇಕು.

ನನ್ನ ಪರೀಕ್ಷೆಯಲ್ಲಿ ಈಗ ಇರುವುದು: ಖಾಲಿ ಸಾಲು, ‘ಕೆ’ ಮಾತ್ರ, ‘ಕೆಎ3’, ಸರಿಯಾಗಿ ‘ಕೆಎ32’, ಅದರ ಮುಂದೆ ಅಕ್ಷರ ಅಂಕಿ ಎಲ್ಲ ಇರುವ ಪೂರ್ತಿ ನಂಬರು, ಮತ್ತು ಕೊನೆಯ ಅಂಕಿ ಮಾತ್ರ ಬೇರೆಯಾದ ‘ಕೆಎ39’. ಕೊನೆಯದೇ ಎಲ್ಲಕ್ಕಿಂತ ಬೆಲೆಬಾಳುವುದು. ಹೊಂದಬೇಕಾದ್ದು ಹೊಂದುತ್ತದೆಯೇ ಅಂತ ಎಲ್ಲರೂ ಪರೀಕ್ಷಿಸುತ್ತಾರೆ, ಕೂದಲೆಳೆಯಲ್ಲಿ ತಪ್ಪಬೇಕಾದ್ದು ತಪ್ಪುತ್ತದೆಯೇ ಅಂತ ನೋಡುವವರು ಕಡಿಮೆ. ನಾನೂ ನೋಡಿರಲಿಲ್ಲ.

ಹಳೆಯ ಕೋಡನ್ನು ಬದಲಿಸುವಾಗ ಹದಿನೇಳನ್ನೂ ಒಂದೇ ರಾತ್ರಿ ಮಾಡಬೇಡಿ. ಒಂದೊಂದಾಗಿ ಬದಲಿಸಿ, ಪ್ರತಿಯೊಂದಕ್ಕೂ ಪರೀಕ್ಷೆ ಓಡಿಸಿ, ಬೇರೆ ಬೇರೆ ಕಮಿಟ್ ಮಾಡಿ. ಮೇಲೆ ಹೇಳಿದೆನಲ್ಲ, ಎರಡು ವರ್ಷ ಓಡದಿದ್ದ ಶಾಖೆ ಅಂತ. ಅದನ್ನು ಸರಿಮಾಡಿದ ದಿನ ಅದು ಮೊದಲ ಸಲ ಓಡಿತು, ಅದರೊಳಗೆ ಬೇರೆಯೇ ಒಂದು ತಪ್ಪಿತ್ತು.

ಮೊನ್ನೆ ಮಾಲೀಕರು ನಿಯಮ ಬದಲಿಸಿದರು: ಬೀದರ್ ಜಿಲ್ಲೆಯ ಗಾಡಿಗಳಿಗೂ ಫೀ ಬೇಡ, ಅಲ್ಲಿಂದ ಮಾಲು ಜಾಸ್ತಿ ಬರುತ್ತಿದೆ. ಕೋಷ್ಟಕಕ್ಕೆ ಕೆಎ38, ಕೆಎ39 ಸೇರಿಸಿ, ಪರೀಕ್ಷೆ ಓಡಿಸಿ, ಹಸಿರು ಬಂದ ಮೇಲೆ ಮಿಲ್ಲಿಗೆ ಕಳಿಸಿದೆ. ಸಂಜೆ ಮುನೀಮರ ಫೋನು. “ಸಾಹೇಬ್ರ, ಬಸವಕಲ್ಯಾಣ ಬಿಟ್ರಲ್ರಿ. ಅವರ್ದು 56 ಅದ.” ಕೋಷ್ಟಕಕ್ಕೆ ಇನ್ನೊಂದು ಸಾಲು ಬರೆದೆ. ಎಷ್ಟು ಅಕ್ಷರ ಅಂತ ಎಣಿಸಲಿಲ್ಲ.